‘ಚಾವಿ’ ಯಾರ ಶಬ್ದ? ಮರಾಠಿಯದೋ, ಕನ್ನಡದ್ದೋ?

ಸಾಂಗಲಿ: ಜತ್ತ ತಾಲೂಕಿನ ಕನ್ನಡಿಗ ಮಿರಜ ಪೇಟೆಯ ಅಂಗಡಿಗೆ ಹೋಗಿ ‘ಕೀಲಿ ಕೊಡ್ರಿ’ ಅಂದನೆನ್ನಿ. ಅವನಿಗೆ ಬೇಕಾದದ್ದು ಬೀಗ. ಆದರೆ ಮರಾಠಿಯಲ್ಲಿ ‘ಕಿಲ್ಲೀ’ ಅಂದರೆ ಬೀಗ ತೆಗೆಯುವ ಕೈ. ಅಂಗಡಿಯವನು ಅದನ್ನೇ ಹುಡುಕಿದರೆ ತಪ್ಪೇನಿಲ್ಲ. ಈ ಗೊಂದಲ ಬಿಡಿಸುವ ಶಬ್ದ ‘ಚಾವಿ’. ಅದು ಎರಡೂ ಕಡೆಯವರಿಗೆ ತಿಳಿಯುತ್ತದೆ. ಆದರೂ ಕೆಲವರು ಅದನ್ನು ಮರಾಠಿ ಶಬ್ದವೆಂದು ಕನ್ನಡದಿಂದ ಹೊರಗಿಡಲು ನೋಡುತ್ತಾರೆ.

ಅಸಲಿಗೆ ಅದು ಹುಟ್ಟಿನಿಂದ ಎರಡೂ ಭಾಷೆಗಳದ್ದಲ್ಲ. ಇಂಗ್ಲಿಷಿನ ‘ಕೀ’ಗೆ ಪೋರ್ಚುಗೀಸಿನಲ್ಲಿರುವ ಶಬ್ದವೇ ನಮ್ಮ ಚಾವಿ. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರು ಅಲ್ಲಿ 1961ರವರೆಗೆ ಇದ್ದರು. ವ್ಯಾಪಾರದ ಜೊತೆ ಅವರ ಶಬ್ದಗಳೂ ಘಟ್ಟ ಹತ್ತಿದವು. ಗೋವಾ ಮೂಲದ ವಿದ್ವಾಂಸ ಸೆಬಾಸ್ತಿಯಾವ್ ರೊದೋಲ್ಫೊ ದಾಲ್ಗಾದೊ ಇಂಥ ಶಬ್ದಗಳನ್ನು ಕಲೆಹಾಕಿ 1913ರಲ್ಲಿ ಪುಸ್ತಕವನ್ನೇ ಪ್ರಕಟಿಸಿದರು. ಬಟಾಟೆ, ಪಗಾರ, ಪಾವ್ ಇದೇ ದಾರಿಯಲ್ಲಿ ಬಂದವು. ಕನ್ನಡದ ಬಾಲ್ದಿ, ಮರಾಠಿಯ ಬಾದಲಿ ಎರಡಕ್ಕೂ ತಾಯಿ ಒಂದೇ.

ಇನ್ನೊಂದು ಸ್ವಾರಸ್ಯವಿದೆ. ಇಂದು ಬ್ರೆಜಿಲ್‌ನವರು ಈ ಶಬ್ದವನ್ನು ‘ಶಾವಿ’ ಎನ್ನುತ್ತಾರೆ. ಪೋರ್ಚುಗಲ್‌ನಲ್ಲಿ ಕೊನೆಯ ಸ್ವರ ನುಂಗಿ ‘ಶಾವ್’ ಎಂದಂತೆ ಕೇಳುತ್ತದೆ. ಆದರೆ 16ನೇ ಶತಮಾನದಲ್ಲಿ ಅವರೂ ‘ಚ’ ಎಂದೇ ಉಚ್ಚರಿಸುತ್ತಿದ್ದರು. ಅವರು ಬಿಟ್ಟ ಹಳೆಯ ಉಚ್ಚಾರವನ್ನು ನಮ್ಮ ಹಳ್ಳಿಗಳು ಉಳಿಸಿಕೊಂಡಿವೆ!

ಹಾಗೆಂದು ಇಂಗ್ಲಿಷಿನ ‘ಕೀ’ ಬಂದಲ್ಲೆಲ್ಲ ಚಾವಿ ಹಾಕಲಾಗದು. ಅರ್ಥ ಬದಲಾದಂತೆ ಶಬ್ದವೂ ಬದಲಾಗುತ್ತದೆ.

ಕಂಪ್ಯೂಟರಿನ ‘ಕೀ’ಗೆ ಪೋರ್ಚುಗೀಸಿನಲ್ಲಿ ‘ತೆಕ್ಲಾ’. ಕನ್ನಡದಲ್ಲಿ ಕೀಲಿ, ಅವುಗಳ ಸಾಲು ಕೀಲಿಮಣೆ. ಹಾರ್ಮೋನಿಯಂ ಮನೆಗಳಿಗೂ ಅವರು ‘ತೆಕ್ಲಾ’ ಎನ್ನುತ್ತಾರೆ.

ಸಂಗೀತದಲ್ಲಿ ‘ಯಾವ ಕೀ?’ ಎಂದರೆ ಅವರಲ್ಲಿ ‘ತೋಂ’, ನಮ್ಮಲ್ಲಿ ಶ್ರುತಿ. ಮಿರಜಿನ ಗವಾಯಿಗಳು ‘ಕಾಳಿ ಏಕ’, ‘ಪಾಂಢರೀ ಚಾರ’ ಎಂದು ಹಾರ್ಮೋನಿಯಂ ಮನೆಯ ಬಣ್ಣ ಹಿಡಿದೇ ಶ್ರುತಿ ಹೇಳುತ್ತಾರೆ. 2024ರಲ್ಲಿ ಭೌಗೋಳಿಕ ಸೂಚಕ ಪಡೆದ ಮಿರಜಿನ ಸಿತಾರ, ತಂಬೂರಿಗಳನ್ನು ಶ್ರುತಿ ಮಾಡುವ ಬಿರಡೆಗೆ ಮಾತ್ರ ಯಾರೂ ಚಾವಿ ಅನ್ನುವುದಿಲ್ಲ. ಮರಾಠಿಯಲ್ಲಿ ಅದು ಖುಂಟಿ.

ಪರೀಕ್ಷೆಯ ‘ಕೀ’ ಉತ್ತರಕ್ಕೆ ಬ್ರೆಜಿಲ್‌ನಲ್ಲಿ ‘ಗಬರೀತು’. ನಟ್ಟು ಬಿಗಿಯುವ ನಮ್ಮ ಪಾನಾಕ್ಕೆ ಮಾತ್ರ ಪೋರ್ಚುಗೀಸರು ಮತ್ತೆ ಚಾವಿಯ ಶಬ್ದವನ್ನೇ ಬಳಸುತ್ತಾರೆ.

ಶಾಲೆಯಲ್ಲಿ ಮಕ್ಕಳಿಗೆ ಕೀಲಿಕೈ, ಬೀಗದ ಕೈ ಎಂಬ ಕನ್ನಡ ಶಬ್ದಗಳನ್ನು ಕಲಿಸಲೇಬೇಕು. ಅದಕ್ಕಾಗಿ ಮನೆಯ ಚಾವಿಯನ್ನು ಪರರದ್ದೆಂದು ಕಿತ್ತುಕೊಳ್ಳಬೇಕಿಲ್ಲ. ಅದು ಮರಾಠಿಗೆ ಎಷ್ಟು ಹೊರಗಿನದೋ ಕನ್ನಡಕ್ಕೂ ಅಷ್ಟೇ, ಇಬ್ಬರಿಗೂ ಅಷ್ಟೇ ತನ್ನದು.