ಚಿತ್ರವಿದೆ, ಮೂಲ ಪ್ರತಿ ಎಲ್ಲಿ?

ತೊಂಬತ್ತರ ದಶಕದ ಮಾತು. ಅವಿಭಜಿತ ಕೋಲಾರ ಜಿಲ್ಲೆಯ ತಾಲ್ಲೂಕೊಂದರಲ್ಲಿ ನಾನು ತಹಶೀಲ್ದಾರನಾಗಿದ್ದೆ. ಮದುವೆಯಾದ ಏಳು ವರ್ಷಗಳೊಳಗೆ ಹೆಣ್ಣುಮಗಳೊಬ್ಬಳು ಅಸಹಜವಾಗಿ ಸತ್ತರೆ ಶವತನಿಖೆ ನಡೆಸುವ ಹೊಣೆ ತಾಲ್ಲೂಕು ದಂಡಾಧಿಕಾರಿಯೂ ಆದ ತಹಶೀಲ್ದಾರನದು. ಅಂಥದೊಂದು ಸಂದರ್ಭದಲ್ಲಿ ಪೊಲೀಸರು ಪೇಟೆಯ ಸ್ಟುಡಿಯೋದವನನ್ನು ಮೊಪೆಡ್ಡಿನಲ್ಲಿ ಕರೆತಂದರು. ಆತ ಹತ್ತು ಹನ್ನೆರಡು ಚಿತ್ರ ತೆಗೆದ. ರೀಲಿನಲ್ಲಿ ಉಳಿದದ್ದನ್ನು ಮರುದಿನ ಯಾರದೋ ಮನೆಯ ನಾಮಕರಣಕ್ಕೆ ಬಳಸಿದನಂತೆ. ಕೆಲವು ವರ್ಷಗಳ ನಂತರ ನಾನು ಸಾಕ್ಷಿಕಟ್ಟೆಯಲ್ಲಿ ನಿಂತಾಗ ಆರೋಪಿ ಪರ ವಕೀಲರು ಆ ಚಿತ್ರಗಳ ಬಗ್ಗೆ ಕೇಳಿದ್ದು ಒಂದೇ ಪ್ರಶ್ನೆ: ‘ನೆಗೆಟಿವ್ ಎಲ್ಲಿ?’ ಅದು ಕಡತದಲ್ಲಿರಲಿಲ್ಲ. ಚಿತ್ರಗಳು ನಿಶಾನೆಯಾಗಲಿಲ್ಲ. ಆ ಹುಡುಗಿಯ ಕೊರಳ ಮೇಲೆ ನಾನು ಕಣ್ಣಾರೆ ಕಂಡ ಗುರುತು ನನ್ನ ಬಾಯಿಮಾತಾಗಿಯೇ ಉಳಿಯಿತು.

ಈಗ ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಲ್ಲಿ ಯಾವ ಪೊಲೀಸರೂ ಸ್ಟುಡಿಯೋದವನಿಗಾಗಿ ಕಾಯಬೇಕಿಲ್ಲ. ಪ್ರತಿ ಕಾನ್‌ಸ್ಟೆಬಲ್ ಕಿಸೆಯಲ್ಲೂ ಕ್ಯಾಮೆರಾ ಇದೆ. ಆದರೆ ವಕೀಲರ ಪ್ರಶ್ನೆಯೂ ಹಾಗೆಯೇ ಇದೆ. ನೆಗೆಟಿವ್ ಜಾಗದಲ್ಲಿ ಮೂಲ ಕಡತ ಬಂದಿದೆ, ಅಷ್ಟೆ.

ಈ ಸೀಮೆಯಲ್ಲಿ ಇದು ಬರೀ ತಾಂತ್ರಿಕ ಚರ್ಚೆಯಾಗಲಾರದು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಸುಟ್ಟು ಕೊಲ್ಲಲಾಯಿತು. ಸಾಕ್ಷಿಗಳು ಪ್ರತಿಕೂಲವಾಗಿ ನುಡಿದ ಆ ಪ್ರಕರಣದಲ್ಲಿ 2006ರಲ್ಲಿ ಆರೋಪಿಗಳೆಲ್ಲರೂ ಖುಲಾಸೆಯಾದರು. 2014ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಡಿಜಿಟಲ್ ಕ್ಯಾಮೆರಾ ಇದ್ದಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ನಾನು ಹೇಳಲಾರೆ. ಘಟನೆಯ ನಂತರ ತೆಗೆದ ಚಿತ್ರ ಸುಟ್ಟ ಗೋಡೆಯನ್ನು ತೋರಿಸೀತೇ ಹೊರತು ಬೆಂಕಿ ಹಚ್ಚಿದ ಕೈಯನ್ನಲ್ಲ. ಆದರೂ ಊರಿನಲ್ಲೇ ಬಾಳಬೇಕಾದ ಸಾಕ್ಷಿ ವರ್ಷಗಳ ನಂತರ ಮಾತು ಬದಲಿಸಬಹುದಾದ ಕಡೆಗಳಲ್ಲಿ, ಭಯಪಡದ ಸಾಕ್ಷಿಯೊಂದು ಕಡತದಲ್ಲಿದ್ದರೆ ಅದರ ಬೆಲೆ ಎಷ್ಟೆಂಬುದನ್ನು ಹಳ್ಳಿಗಳನ್ನು ಬಲ್ಲವರಿಗೆ ವಿವರಿಸಬೇಕಿಲ್ಲ.

ಅಂಥ ಸಾಕ್ಷಿಗೆ ಕಾನೂನು ಒಂದು ಷರತ್ತು ಹಾಕಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯೊಂದಿಗೆ 2000ದಲ್ಲಿ ಸಾಕ್ಷ್ಯ ಅಧಿನಿಯಮಕ್ಕೆ ಸೇರಿದ 65ಬಿ ಕಲಮು, ವಿದ್ಯುನ್ಮಾನ ದಾಖಲೆಯ ಪ್ರತಿಯೊಡನೆ ಪ್ರಮಾಣಪತ್ರ ಇರಬೇಕೆಂದಿತು. ಅದು ಅನಿವಾರ್ಯವಲ್ಲವೆಂದು ಸುಪ್ರೀಂ ಕೋರ್ಟ್ 2005ರಲ್ಲಿ ಸಂಸತ್ ದಾಳಿ ಪ್ರಕರಣದಲ್ಲಿ ಹೇಳಿತ್ತು. 2014ರ ಅನ್ವರ್ ಪ್ರಕರಣದಲ್ಲಿ ಅನಿವಾರ್ಯವೆಂದಿತು. 2020ರಲ್ಲಿ ಅರ್ಜುನ್ ಪಂಡಿತರಾವ್ ಪ್ರಕರಣದಲ್ಲಿ ಅದನ್ನೇ ದೃಢಪಡಿಸಿ, ಮೂಲ ಸಾಧನವನ್ನೇ ಅದರ ಒಡೆಯ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡವೆಂದಿತು. ಹದಿನೈದು ವರ್ಷಗಳ ಈ ಹೊಯ್ದಾಟದಲ್ಲಿ ಠಾಣೆಯ ಬರಹಗಾರರು ಯಾವ ತೀರ್ಪನ್ನು ನಂಬಬೇಕಿತ್ತು?

ನಮ್ಮ ರಾಜ್ಯದ್ದೇ ಒಂದು ಉದಾಹರಣೆ ಇದೆ. 2008ರ ಜುಲೈ 25ರ ಬೆಂಗಳೂರು ಸರಣಿ ಸ್ಫೋಟ ಪ್ರಕರಣದಲ್ಲಿ ಲ್ಯಾಪ್‌ಟಾಪ್, ಪೆನ್‌ಡ್ರೈವ್, ಡಿಜಿಟಲ್ ಕ್ಯಾಮೆರಾ ಮುಂತಾದವು ವಶಕ್ಕೆ ಬಂದಿದ್ದವು. 2017ರಲ್ಲಿ ಪ್ರಮಾಣಪತ್ರವಿಲ್ಲವೆಂಬ ಆಕ್ಷೇಪ ಎದ್ದಿತು. ಆಗ ತಂದ ಪತ್ರವನ್ನು ವಿಳಂಬದ ಕಾರಣಕ್ಕೆ ವಿಚಾರಣಾ ನ್ಯಾಯಾಲಯ ಒಪ್ಪಲಿಲ್ಲ, ಹೈಕೋರ್ಟೂ ಒಪ್ಪಲಿಲ್ಲ. ಕೊನೆಗೆ 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನುಮತಿಸಿತು. ಒಂದು ಹಾಳೆಗಾಗಿ ಆರು ವರ್ಷ! ಅಷ್ಟು ದೊಡ್ಡ ಪ್ರಕರಣವಾದ್ದರಿಂದ ಸರ್ಕಾರ ದಿಲ್ಲಿಯವರೆಗೆ ಹೋಯಿತು. ಶಿಡ್ಲಘಟ್ಟದ ಜಮೀನು ಹೊಡೆದಾಟವೊಂದಕ್ಕೆ ಹಾಗೆ ಹೋಗುವವರು ಯಾರು?

2024ರ ಜುಲೈ 1ರಿಂದ ಹೊಸ ಕಾನೂನುಗಳು ಜಾರಿಯಲ್ಲಿವೆ. ಶೋಧನೆ ಮತ್ತು ಜಪ್ತಿಯನ್ನು ದೃಶ್ಯ-ಧ್ವನಿ ಮುದ್ರಣ ಮಾಡಿ ತಡವಿಲ್ಲದೆ ದಂಡಾಧಿಕಾರಿಗೆ ಕಳುಹಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ವಿಧಿಸುತ್ತದೆ. ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಂತೆ ಪ್ರಮಾಣಪತ್ರಕ್ಕೆ ಸಾಧನದ ಉಸ್ತುವಾರಿ ಹೊತ್ತವರ ಜೊತೆಗೆ ತಜ್ಞರೊಬ್ಬರ ಸಹಿಯೂ ಬೇಕು. ಕಡತದ ಹ್ಯಾಶ್ ಸಂಖ್ಯೆಯನ್ನೂ ಬರೆಯಬೇಕು. ಹ್ಯಾಶ್ ಎಂದರೆ ಹಿಂದೆ ನಾವು ಪೊಟ್ಟಣಕ್ಕೆ ಹಾಕುತ್ತಿದ್ದ ಅರಗಿನ ಮುದ್ರೆಯಂತೆ. ಚಿತ್ರದ ಒಂದು ಚುಕ್ಕೆ ಬದಲಾದರೂ ಸಂಖ್ಯೆ ಬದಲಾಗುತ್ತದೆ.

ತೊಡಕಿರುವುದು ಇಲ್ಲಿಯೇ. ತುರ್ತಿನಲ್ಲಿ ಸ್ವಂತ ಫೋನಿನಲ್ಲಿ ತೆಗೆದ ಚಿತ್ರವನ್ನು ಮೇಲಧಿಕಾರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ, ಅಲ್ಲಿ ಅದು ಕುಗ್ಗುತ್ತದೆ. ತೆಗೆದ ಹೊತ್ತು, ಸ್ಥಳಗಳ ವಿವರ ಅಳಿಯುತ್ತದೆ. ಹ್ಯಾಶ್ ಮೂಲದ್ದಕ್ಕೆ ಹೊಂದುವುದಿಲ್ಲ. ವಿಚಾರಣೆ ಶುರುವಾಗುವ ಹೊತ್ತಿಗೆ ಸಿಬ್ಬಂದಿಗೆ ವರ್ಗವಾಗಿರುತ್ತದೆ, ಫೋನು ಎಕ್ಸ್‌ಚೇಂಜಿಗೆ ಹೋಗಿರುತ್ತದೆ. ಕಡತದಲ್ಲಿ ಉಳಿಯುವುದು ಸ್ಟುಡಿಯೋ ಕಾಲದಂತೆಯೇ ಒಂದು ಮುದ್ರಿತ ಚಿತ್ರ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ತೋರುವುದಿಷ್ಟು: ಚಿತ್ರ ತೆಗೆಯುವ ವೆಚ್ಚ ಸೊನ್ನೆಗೆ ಇಳಿದಿದೆ, ಕಾಪಾಡುವ ವೆಚ್ಚ ಹಾಗೇ ಇದೆ. ಸರ್ಕಾರದ ಆಯವ್ಯಯಕ್ಕೆ ಮೊದಲನೆಯದು ಕಾಣುತ್ತದೆ, ಎರಡನೆಯದು ಕಾಣುವುದಿಲ್ಲ. ಮಹಜರು ಮುಗಿದ ದಿನವೇ ಪಂಚರ ಎದುರಿನಲ್ಲಿ ಹ್ಯಾಶ್ ಸಂಖ್ಯೆಯನ್ನು ಮಹಜರಿನಲ್ಲಿ ಬರೆದು, ಮೆಮೊರಿ ಕಾರ್ಡನ್ನು ಮೊಹರು ಮಾಡಿ ಮುದ್ದೆಮಾಲು ವಹಿಗೆ ಸೇರಿಸುವುದಕ್ಕೆ ಐದು ನಿಮಿಷ ಸಾಕು. ತಜ್ಞರ ಸಹಿಗೆ ಪ್ರತಿ ಸಲ ಬೆಂಗಳೂರಿನತ್ತ ನೋಡಬೇಕಾಗದಂತೆ ಉಪವಿಭಾಗಕ್ಕೊಬ್ಬರನ್ನಾದರೂ ಸರ್ಕಾರ ಗೊತ್ತುಪಡಿಸಬೇಕು. ಶವತನಿಖೆಗೆ ಹೋಗುವ ಈಗಿನ ತಹಶೀಲ್ದಾರರು ಕೂಡ, ವರದಿಗೆ ಸಹಿ ಹಾಕುವ ಮುನ್ನ, ಮೂಲ ಕಡತ ಯಾರ ಬಳಿ ಉಳಿಯಲಿದೆ ಎಂದು ಕೇಳಿ ಬರೆದುಕೊಳ್ಳಲಿ. ನಾನು ಅಂದು ಆ ಸ್ಟುಡಿಯೋದವನನ್ನು ಕೇಳಿರಲಿಲ್ಲ.