ಸಿಡಿಲಿಗೆ ಸ್ಟೆಬಿಲೈಜರ್ ಅಡ್ಡ ಬರದು

ಭರಣಿ ಮಳೆ ಶುರುವಾಯಿತೆಂದರೆ ಮಲೆನಾಡಿನ ರಿಪೇರಿ ಅಂಗಡಿಗಳಲ್ಲಿ ಸುಟ್ಟ ಟಿವಿ, ಸೆಟ್‌ಟಾಪ್ ಬಾಕ್ಸ್, ವೈಫೈ ರೂಟರ್‌ಗಳು ಬಂದು ಕೂರುತ್ತವೆ. ತಂದವರ ದೂರು ಒಂದೇ: ‘ಸಿಡಿಲು ನಮ್ಮನೆಗೆ ಬಿದ್ದೇ ಇಲ್ಲ ಮಾರಾಯ್ರೆ, ಸ್ಟೆಬಿಲೈಜರೂ ಇತ್ತು!’

ಎರಡೂ ಮಾತು ನಿಜವಿರಬಹುದು. ಸಾಧಾರಣ ಸಿಡಿಲೊಂದರಲ್ಲಿ 30,000 ಆಂಪಿಯರ್ ಆಸುಪಾಸಿನ ಕರೆಂಟ್ ಕೆಲವೇ ಮೈಕ್ರೊಸೆಕೆಂಡುಗಳಲ್ಲಿ ಏರಿ, ಮಿಲಿಸೆಕೆಂಡು ಕಳೆಯುವ ಮೊದಲೇ ಇಳಿಯುತ್ತದೆ. ಅದು ದೂರದ ತೋಟದ ಮರಕ್ಕೆ ಬಡಿದರೂ ಸಾಕು, ಅದರ ಕಾಂತಕ್ಷೇತ್ರ ಪಕ್ಕದ ವಿದ್ಯುತ್ ತಂತಿಯಲ್ಲಿ ಸಾವಿರಾರು ವೋಲ್ಟ್ ಎಬ್ಬಿಸುತ್ತದೆ. ‘ಸರ್ಜ್’ ಎನ್ನುವ ಆ ಅಲೆ ಲೈನ್ ಹಿಡಿದು ಮನೆಯೊಳಗೆ ಬರುತ್ತದೆ. ಡಿಶ್ ಕೇಬಲ್, ಫೋನ್ ತಂತಿಯಲ್ಲೂ ಬರುತ್ತದೆ.

ಸ್ಟೆಬಿಲೈಜರ್ ಇರುವುದು ನಿಧಾನವಾಗಿ ಏರಿಳಿಯುವ ವೋಲ್ಟೇಜನ್ನು ಸರಿದೂಗಿಸಲು. ಅದರೊಳಗಿನ ರಿಲೇ ಅಲುಗಾಡಲು ಕೆಲವು ಮಿಲಿಸೆಕೆಂಡು ಬೇಕು. ಒಂದು ಮಿಲಿಸೆಕೆಂಡ್ ಎಂದರೆ 1,000 ಮೈಕ್ರೊಸೆಕೆಂಡ್. ಅಷ್ಟರಲ್ಲಿ ಟಿವಿ ಸುಟ್ಟಾಗಿರುತ್ತದೆ. ಎಂಸಿಬಿಯದೂ ಇದೇ ಪಾಡು. ಅದು ನೋಡುವುದು ಕರೆಂಟನ್ನು, ವೋಲ್ಟೇಜನ್ನಲ್ಲ.

ಈ ಕೆಲಸಕ್ಕೆಂದೇ ಇರುವುದು ಎಸ್‌ಪಿಡಿ ಎಂಬ ಸರ್ಜ್ ರಕ್ಷಕ. ಮನೆಗಳಲ್ಲಿ ಬಳಸುವ ಬಹುಪಾಲು ಎಸ್‌ಪಿಡಿಗಳ ಒಳಗಿರುವುದು ಸತುವಿನ ಆಕ್ಸೈಡಿನ ಬಿಲ್ಲೆ. 1960ರ ದಶಕದ ಕೊನೆಯಲ್ಲಿ ಜಪಾನಿನ ಮತ್ಸುಶಿತ ಕಂಪನಿಯಲ್ಲಿ ರೂಪುಗೊಂಡದ್ದು. 230 ವೋಲ್ಟ್ ಇರುವಷ್ಟು ಹೊತ್ತು ಅದು ಸುಮ್ಮನಿರುತ್ತದೆ. ಮಿತಿ ಮೀರಿದ ಕೂಡಲೇ, ತುಂಬಿದ ಕೆರೆಯ ಕೋಡಿ ಹರಿದಂತೆ, ಹೆಚ್ಚಾದದ್ದನ್ನು ಭೂಮಿಗೆ ಬಿಡುತ್ತದೆ. ಪ್ರತಿ ಹೊಡೆತಕ್ಕೂ ಬಿಲ್ಲೆ ಸ್ವಲ್ಪ ಸ್ವಲ್ಪ ಸವೆಯುತ್ತದೆ. ಸೂಚಕ ಹಸಿರಿನಿಂದ ಕೆಂಪಾದರೆ ಬದಲಿಸಲೇಬೇಕು.

ಭೂಮಿಗೆ ಬಿಡಬೇಕಾದರೆ ಅರ್ತಿಂಗ್ ನೆಟ್ಟಗಿರಬೇಕಲ್ಲ! ನಮ್ಮಲ್ಲಿ ಎಡವಟ್ಟಾಗುವುದೇ ಇಲ್ಲಿ. ಉಪ್ಪು, ಇದ್ದಿಲು ತುಂಬಿದ ಅರ್ತ್ ಗುಂಡಿ ಬೇಸಿಗೆಯಲ್ಲಿ ಒಣಗುತ್ತದೆ, ಒಣಮಣ್ಣಿಗೆ ವಿದ್ಯುತ್ ಸುಲಭವಾಗಿ ಇಳಿಯದು. ಗುಡುಗು ಸಿಡಿಲಿನ ಅಬ್ಬರವೂ ಆಗಲೇ, ಏಪ್ರಿಲ್–ಮೇನಲ್ಲಿ. ಆಗಾಗ ನಾಲ್ಕು ಕೊಡ ನೀರು ಸುರಿಯುವುದು ದುಬಾರಿ ಎಸ್‌ಪಿಡಿಯಷ್ಟೇ ಮುಖ್ಯ. ಎಸ್‌ಪಿಡಿಗೆ ಜೋಡಿಸುವ ತಂತಿಯೂ ಗಿಡ್ಡಗಿರಲಿ: ಸರ್ಜ್ ಹರಿಯುವಾಗ ಒಂದು ಮೀಟರ್ ತಂತಿಯ ಮೇಲೇ ಹೆಚ್ಚುಕಡಿಮೆ 1,000 ವೋಲ್ಟ್ ನಿಲ್ಲುತ್ತದೆ. ಅರ್ತ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಬಹುಮಟ್ಟಿಗೆ ಬರೀ ಎಕ್ಸ್‌ಟೆನ್ಷನ್ ಬೋರ್ಡು.

ಗಾಳಿಮಳೆಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಕಡಿಯುವುದು ಬೇರೆಯದೇ ಕಾಟ. ಆಗ ಕೆಲವು ಮನೆಗಳಿಗೆ 400 ವೋಲ್ಟ್ ಹತ್ತಿರದವರೆಗೂ ನುಗ್ಗಬಹುದು, ಅದೂ ನಿಮಿಷಗಟ್ಟಲೆ. ಇದನ್ನು ಎಸ್‌ಪಿಡಿ ತಾಳದು, ತಾನೇ ಕಾದು ಕೆಡುತ್ತದೆ. ವೋಲ್ಟೇಜ್ ಮಿತಿ ಮೀರಿದಾಗ ಲೈನನ್ನೇ ಕಡಿಯುವ ಓವರ್‌ವೋಲ್ಟೇಜ್ ರಿಲೇ ಇದಕ್ಕೆ ಬೇಕು. ಬಲ್ಬುಗಳು ಇದ್ದಕ್ಕಿದ್ದಂತೆ ವಿಪರೀತ ಉರಿದರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಸ್ವಿಚ್ ಆರಿಸಿ.

ಮನೆಗೇ ನೇರವಾಗಿ ಬಡಿದ ಸಿಡಿಲಿನ ಮುಂದೆ ಎಸ್‌ಪಿಡಿಯನ್ನೊಂದೇ ನಂಬಿ ಕೂರುವಂತಿಲ್ಲ. ಪ್ಲಗ್ ಕಿತ್ತಿಡುವುದೇ ಹೆಚ್ಚು ಭದ್ರ. ಸ್ವಿಚ್ ಆರಿಸಿದರೆ ಸಾಲದು, ಅದರೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲು ಹಾರಿಬಿಡುತ್ತದೆ. ಡಿಶ್ ಕೇಬಲನ್ನೂ ಬಿಚ್ಚಿ. ಇದೆಲ್ಲ ಗುಡುಗು ಕೇಳುವ ಮೊದಲೇ ಆಗಬೇಕು. ಗುಡುಗುವಾಗ ಪ್ಲಗ್‌ಗೆ ಕೈ ಹಾಕಬೇಡಿ. ಮುನ್ಸೂಚನೆಗೆ ಪುಣೆಯ ಹವಾಮಾನ ವಿಜ್ಞಾನಿಗಳ ‘ದಾಮಿನಿ’ ಆ್ಯಪ್ ಇದೆ. ಟಿವಿ ಸುಟ್ಟರೆ ಇನ್ನೊಂದು ತಂದುಕೊಳ್ಳಬಹುದು, ಗುಡುಗು ಶುರುವಾದ ಮೇಲೆ ಅದನ್ನು ಅದರ ಪಾಡಿಗೆ ಬಿಟ್ಟುಬಿಡಿ.