‘ಸಾವಯವ’ ಬ್ಯೂವೇರಿಯಾ ರೇಷ್ಮೆಹುಳುವಿಗೆ ಅಪಾಯವಿಲ್ಲವೇ?

‘ಬ್ಯೂವೇರಿಯಾ ಸಾವಯವ, ಯಾವ ಬೆಳೆಗಾದರೂ ಹೊಡೆಯಿರಿ, ಅಡ್ಡಪರಿಣಾಮವೇ ಇಲ್ಲ!’ ಮಾಗಡಿ ಕಡೆ ರೇಷ್ಮೆ ಸಾಕುವ ನಮ್ಮ ಚಿಕ್ಕಪ್ಪ ಈ ಫಾರ್ವರ್ಡನ್ನು ಕುರುಬರಹಳ್ಳಿಯಲ್ಲಿರುವ ನನಗೆ ಕಳಿಸಿ, ‘ಇದು ನಿಜಾನಾ?’ ಎಂದು ಕೇಳಿದರು. ಸಾವಯವ ಎಂಬುದು ನಿಜ. ಉಳಿದದ್ದನ್ನು ನಂಬಿದರೆ ಒಂದು ಬೆಳೆಯ ಹುಳುವೇ ಹೋಗಬಹುದು.

ಬ್ಯೂವೇರಿಯಾ ಬ್ಯಾಸಿಯಾನಾ ಒಂದು ಶಿಲೀಂಧ್ರ, ಅಂದರೆ ಬೂಷ್ಟಿನ ಜಾತಿ. ಕಾಫಿಯ ಕಾಯಿಕೊರಕದಂಥ ಕೀಟಗಳಿಗೆ ಇದನ್ನು ಬಳಸುತ್ತಾರೆ. ರೇಷ್ಮೆಹುಳು ಗಟ್ಟಿಯಾಗಿ, ಮೈಗೆಲ್ಲ ಬಿಳಿ ಪುಡಿ ಹತ್ತಿ ಸಾಯುವ ಸುಣ್ಣಕಟ್ಟು ರೋಗಕ್ಕೂ ಇದೇ ಕಾರಣ! 1835ರಲ್ಲಿ ಇದನ್ನು ತೋರಿಸಿಕೊಟ್ಟ ಇಟಲಿಯ ಅಗಸ್ಟಿನೊ ಬಾಸ್ಸಿಯ ಹೆಸರೇ ಶಿಲೀಂಧ್ರಕ್ಕೆ ಬಂದಿದೆ.

ಹುಳಕ್ಕೆ ರೋಗನಿರೋಧಕ ಶಕ್ತಿಯೇ ಇಲ್ಲವೇ? ಇದೆ. ನಮ್ಮಂತೆ ಪ್ರತಿಕಾಯಗಳಿಲ್ಲ, ಅಷ್ಟೇ. ಶಿಲೀಂಧ್ರ ಹೊಟ್ಟೆಗೇ ಹೋಗಬೇಕಿಲ್ಲ. ಅದರ ಬೀಜಕ ಮೈಗಂಟಿಕೊಂಡು, ಕಿಣ್ವ ಸುರಿಸಿ, ಚರ್ಮ ಕೊರೆದು ಒಳನುಗ್ಗುತ್ತದೆ. ಆಗ ಕೀಟದ ರಕ್ತಕಣಗಳು ಅದನ್ನು ಸುತ್ತುವರಿದು ಕಪ್ಪು ಮೆಲನಿನ್ ಪದರದಲ್ಲಿ ಹೂತುಹಾಕಲು ನೋಡುತ್ತವೆ. ಜೊತೆಗೆ ‘ಟೋಲ್’ ಎಂಬ ಎಚ್ಚರಿಕೆ ವ್ಯವಸ್ಥೆ ಶಿಲೀಂಧ್ರನಾಶಕ ಪ್ರೋಟೀನ್‌ಗಳನ್ನು ತಯಾರಿಸಲು ಸೂಚನೆ ಕೊಡುತ್ತದೆ. ಕೊಳೆತ ಬಾಳೆಹಣ್ಣಿಗೆ ಮುತ್ತುವ ಹಣ್ಣುನೊಣದಲ್ಲಿ ಇದು 1996ರಲ್ಲಿ ಗೊತ್ತಾಯಿತು: ಟೋಲ್ ಕೆಟ್ಟ ನೊಣಗಳು ಬೂಷ್ಟು ಹಿಡಿದು ಸತ್ತವು. ನಮ್ಮ ದೇಹದಲ್ಲೂ ಇದರ ಸೋದರ ಜೀನ್‌ಗಳಿವೆ. ಈ ಸಂಶೋಧನೆಯ ಮುಂದಾಳು ಜೂಲ್ಸ್ ಹಾಫ್‌ಮನ್ 2011ರ ನೊಬೆಲ್ ಹಂಚಿಕೊಂಡರು.

ಶಿಲೀಂಧ್ರವೂ ಸುಮ್ಮನಿಲ್ಲ. ರಕ್ತಕ್ಕಿಳಿದ ಮೇಲೆ ತನ್ನ ಗುರುತು ಸಿಗದಂತೆ ಕೋಶದ ಹೊರಗೋಡೆಯನ್ನೇ ಮರೆಮಾಚಿಕೊಳ್ಳುತ್ತದೆ. ಅದಕ್ಕೆ ನೊಣದ ಬಳಿ ಇನ್ನೊಂದು ಉಪಾಯ: ಕಳ್ಳನ ಮುಖ ಕಾಣದಿದ್ದರೂ ಬೀಗ ಒಡೆಯುವ ಸದ್ದು ಕೇಳಿಸಿಕೊಂಡಂತೆ, ಶಿಲೀಂಧ್ರದ ಕಿಣ್ವ ಕತ್ತರಿಸುವುದನ್ನೇ ಪತ್ತೆಹಚ್ಚಿ ಟೋಲ್ ಎಚ್ಚರಗೊಳ್ಳುತ್ತದೆ. (ನನಗೆ ಇಡೀ ಕಥೆಯಲ್ಲಿ ಇಷ್ಟವಾದ ಭಾಗ ಇದೇ.) ಕೋಟ್ಯಂತರ ವರ್ಷಗಳ ಪೈಪೋಟಿ ಇದು, ಯಾರೂ ಪೂರ್ತಿ ಗೆದ್ದಿಲ್ಲ.

ರೇಷ್ಮೆಹುಳುವಿಗೂ ಟೋಲ್ ಇದೆ. ಆದರೆ ಒಂದೇ ತಟ್ಟೆಯಲ್ಲಿ ನೂರಾರು ಹುಳು, ತೇವದ ಹಾಸಿಗೆ, ಮಳೆ-ಚಳಿಯ ದಿನ, ಮೇಲೆ ಗಾಳಿಯಲ್ಲಿ ಬರುವ ಸಿಂಪಡಣೆ ಎಂದರೆ ಆ ರಕ್ಷಣೆ ಸಾಲದು.

ಚಿಕ್ಕಪ್ಪನಿಗೆ ಹೇಳಿದ್ದಿಷ್ಟು: ಹಿಪ್ಪುನೇರಳೆ ತೋಟಕ್ಕಾಗಲಿ ಹುಳುಮನೆಯ ಹತ್ತಿರಕ್ಕಾಗಲಿ ಬ್ಯೂವೇರಿಯಾ ಬೇಡ. ರೋಗದ ಹುಳುಗಳನ್ನು ಬೆಳ್ಳಗಾಗುವ ಮೊದಲೇ ಆರಿಸಿ ಸುಡಿ. ಹಾಸಿಗೆ ತೇವವಿದ್ದರೆ ಸುಣ್ಣದ ಪುಡಿ ಉದುರಿಸಿ. ಪಕ್ಕದ ಟೊಮೆಟೊ ತೋಟದವರಿಗೂ ಆ ಫಾರ್ವರ್ಡ್ ಬಂದಿದೆಯಾ ಎಂದು ಕೇಳಿ ನೋಡಿ.